ಕಾರ್ಖಾನೆಯ ತ್ಯಾಜ್ಯ, ಬಿಸಿಲು ಮತ್ತು ಜಲಜನಕ

ಕಚ್ಚಾತೈಲದಲ್ಲಿರುವ ಗಂಧಕವನ್ನು ತೆಗೆಯಲು ಸಂಸ್ಕರಣಾಗಾರಗಳು ಜಲಜನಕವನ್ನು ಬಳಸುತ್ತವೆ. ಗಂಧಕವು ಜಲಜನಕದೊಡನೆ ಕೂಡಿ, ಕೊಳೆತ ಮೊಟ್ಟೆಯ ನಾತ ಬೀರುವ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವಾಗಿ ಹೊರಬೀಳುತ್ತದೆ. 1883ರಲ್ಲಿ ಕಾರ್ಲ್ ಫ್ರೆಡ್ರಿಕ್ ಕ್ಲಾಸ್ ಪೇಟೆಂಟ್ ಪಡೆದ ವಿಧಾನದ ಸುಧಾರಿತ ರೂಪವೇ ಇಂದಿಗೂ ಈ ಅನಿಲದ ವಿಲೇವಾರಿಗೆ ಮುಖ್ಯ ದಾರಿ. ಅದರಲ್ಲಿ ಗಂಧಕ ಕೈಗೆ ಸಿಗುತ್ತದೆ. ಜಲಜನಕ ಮಾತ್ರ ಆಮ್ಲಜನಕದೊಡನೆ ಸೇರಿ ನೀರಾಗಿಬಿಡುತ್ತದೆ. ಮಂಗಳೂರಿನ ಎಂಆರ್‌ಪಿಎಲ್‌ನಂಥ ಸಂಸ್ಕರಣಾಗಾರಗಳಲ್ಲೂ ಗಂಧಕ ಮರುಪಡೆಯುವ ಘಟಕಗಳಿವೆ. ನೈಸರ್ಗಿಕ ಅನಿಲವನ್ನೋ ನಾಫ್ತಾವನ್ನೋ ಹಬೆಯೊಡನೆ ಕಾಯಿಸಿ, ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಟ್ಟು ತಯಾರಿಸಿದ ಜಲಜನಕ ಹೀಗೆ ಕೈಬಿಟ್ಟು ಹೋಗುವುದು ಸಣ್ಣ ನಷ್ಟವಲ್ಲ. ಅದನ್ನು ಬಿಸಿಲಿನ ಬಲದಿಂದ ಮರಳಿ ಪಡೆಯುವ ಯತ್ನವೇ ಕಾರ್ಖಾನೆಯ ತ್ಯಾಜ್ಯದಿಂದ ಜಲಜನಕ ತೆಗೆಯುವ ಸಂಶೋಧನೆಯ ಒಂದು ಮುಖ್ಯ ಎಳೆ.

ಇದರ ಮೂಲ ನೀರನ್ನು ಒಡೆಯುವ ಪ್ರಯೋಗದಲ್ಲಿದೆ. ಟೈಟಾನಿಯಂ ಡೈಆಕ್ಸೈಡ್ ಎಲೆಕ್ಟ್ರೋಡಿನ ಮೇಲೆ ಬೆಳಕು ಬಿದ್ದರೆ ನೀರು ಒಡೆಯುತ್ತದೆ ಎಂದು ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೊಂಡಾ 1972ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ಅರೆವಾಹಕವು ಬೆಳಕನ್ನು ಹೀರಿದಾಗ ಎಲೆಕ್ಟ್ರಾನೊಂದು ಮೇಲಿನ ಶಕ್ತಿಮಟ್ಟಕ್ಕೆ ಜಿಗಿಯುತ್ತದೆ, ಅದು ಬಿಟ್ಟ ಜಾಗದಲ್ಲಿ ರಂಧ್ರ ಉಳಿಯುತ್ತದೆ. ಎಲೆಕ್ಟ್ರಾನ್ ಜಲಜನಕವನ್ನು ಬಿಡಿಸಬೇಕು, ರಂಧ್ರ ಆಮ್ಲಜನಕವನ್ನು. ಎರಡನೆಯ ಕೆಲಸವೇ ಕಠಿಣ. ಅದು ಮುಗಿಯುವುದರೊಳಗೆ ಎಲೆಕ್ಟ್ರಾನ್ ಮತ್ತು ರಂಧ್ರಗಳು ಮತ್ತೆ ಕೂಡಿಕೊಂಡು ಹೀರಿದ ಬೆಳಕು ವ್ಯರ್ಥವಾಗುತ್ತದೆ.

ನೀರಿಗಿಂತ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುವ ವಸ್ತುವನ್ನು ಜೊತೆಗಿಟ್ಟರೆ ಈ ತೊಡಕು ಸಡಿಲವಾಗುತ್ತದೆ. ತ್ಯಾಜ್ಯಕ್ಕೆ ಬೆಲೆ ಬರುವುದು ಇಲ್ಲಿಯೇ. ಒಂದು ಮೋಲ್ ನೀರನ್ನು ಒಡೆಯಲು 237 ಕಿಲೊಜೂಲ್ ಬೇಕು. ಹೈಡ್ರೋಜನ್ ಸಲ್ಫೈಡಿಗೆ ಸುಮಾರು 33 ಸಾಕು. ಆಮ್ಲಜನಕವೇ ಹುಟ್ಟದಿರುವುದರಿಂದ ಸ್ಫೋಟಕ ಮಿಶ್ರಣದ ಭಯವೂ ಇಲ್ಲ.

1980ರಲ್ಲಿ ಜಪಾನಿನ ಕವಾಯ್ ಮತ್ತು ಸಕಾಟಾ ಸಕ್ಕರೆ, ಪಿಷ್ಟ, ಸೆಲ್ಯುಲೋಸ್‌ಗಳಿಂದ ಬೆಳಕಿನ ನೆರವಿನಲ್ಲಿ ಜಲಜನಕ ಪಡೆದರು. ಮರುವರ್ಷ ಪ್ಲಾಸ್ಟಿಕ್‌ನಿಂದಲೂ ಅದು ಸಾಧ್ಯವೆಂದು ತೋರಿಸಿದರು. ಆದರೆ ಈ ಪ್ರಯೋಗಗಳ ಟೈಟಾನಿಯಂ ಡೈಆಕ್ಸೈಡ್ ಬಳಸಿಕೊಳ್ಳುವುದು ನೇರಳಾತೀತ ಕಿರಣಗಳನ್ನು. ನೆಲ ಮುಟ್ಟುವ ಬಿಸಿಲಿನಲ್ಲಿ ಅವುಗಳ ಪಾಲು ಶೇ 5ರ ಆಸುಪಾಸು. ಗೋಚರ ಬೆಳಕಿನ ಹಸಿರು ಅಂಚಿನವರೆಗೆ ಹೀರಬಲ್ಲ ಹಳದಿ ಬಣ್ಣದ ಕ್ಯಾಡ್ಮಿಯಂ ಸಲ್ಫೈಡಿನತ್ತ ಸಂಶೋಧಕರು ಹೊರಳಿದ್ದು ಈ ಕಾರಣಕ್ಕೆ. 1980ರ ದಶಕದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ಮೈಕೆಲ್ ಗ್ರೆಟ್ಸೆಲ್ ಅವರ ತಂಡ ಅದರಿಂದಲೇ ಹೈಡ್ರೋಜನ್ ಸಲ್ಫೈಡನ್ನು ಗೋಚರ ಬೆಳಕಿನಲ್ಲಿ ಒಡೆಯಿತು.

ಕ್ಯಾಡ್ಮಿಯಂ ಸಲ್ಫೈಡಿಗೆ ಒಂದು ದೌರ್ಬಲ್ಯವಿದೆ: ರಂಧ್ರಗಳು ಅದರದೇ ಗಂಧಕವನ್ನು ಉತ್ಕರ್ಷಿಸಿ ಹರಳನ್ನು ಕರಗಿಸುತ್ತವೆ. ಸುತ್ತಲಿನ ದ್ರಾವಣದಲ್ಲಿ ಸಲ್ಫೈಡ್ ಧಾರಾಳವಾಗಿದ್ದರೆ ಆ ಪೆಟ್ಟನ್ನು ಅದು ಹೊರುತ್ತದೆ. ಹಾಗಾಗಿ ಅನಿಲವನ್ನು ಮೊದಲು ಕ್ಷಾರದ್ರಾವಣದಲ್ಲಿ ಹೀರಿಸಿ, ಆಮೇಲೆ ಬೆಳಕಿಗೆ ಒಡ್ಡುವುದು ರೂಢಿಯಾಯಿತು. ಕೆಲಸ ನಡೆದಂತೆ ದ್ರಾವಣದಲ್ಲಿ ಹಳದಿ ಪಾಲಿಸಲ್ಫೈಡ್ ಕೂಡಿಕೊಂಡು ಬೆಳಕನ್ನು ತಡೆಯುತ್ತದೆ. ಸಲ್ಫೈಟ್ ಬೆರೆಸಿದರೆ ಅದು ಬಣ್ಣವಿಲ್ಲದ ಥಯೊಸಲ್ಫೇಟ್ ಆಗುತ್ತದೆ. 2009ರಲ್ಲಿ ಚೀನಾದ ಡಾಲಿಯನ್‌ನಲ್ಲಿ ಲೀ ಕಾನ್ ಅವರ ತಂಡ ಇಂಥದೇ ದ್ರಾವಣದಲ್ಲಿ, ಪ್ಲಾಟಿನಂ ಮತ್ತು ಪಲ್ಲೇಡಿಯಂ ಸಲ್ಫೈಡ್ ಲೇಪಿಸಿದ ಕ್ಯಾಡ್ಮಿಯಂ ಸಲ್ಫೈಡಿನಿಂದ, 420 ನ್ಯಾನೊಮೀಟರ್ ಬೆಳಕಿನಲ್ಲಿ ಶೇ 93ರಷ್ಟು ಕ್ವಾಂಟಂ ದಕ್ಷತೆಯನ್ನು (ಬೆಳಕಿನ ಕಣಗಳಲ್ಲಿ ಕೆಲಸಕ್ಕೆ ಬಂದ ಪಾಲನ್ನು) ವರದಿ ಮಾಡಿತು. ಆ ಅಂಕಿ ಬೆರಗು ಹುಟ್ಟಿಸುವಂಥದು; ಆದರೆ ಅದು ಒಂದೇ ತರಂಗಾಂತರದ್ದು, ಇಡೀ ಬಿಸಿಲಿನದಲ್ಲ. ಅಂಗಡಿಯಿಂದ ತಂದ ಶುದ್ಧ ಸಲ್ಫೈಡ್, ಸಲ್ಫೈಟ್‌ಗಳನ್ನು ಸುರಿದು ಪಡೆದ ಜಲಜನಕವನ್ನು ತ್ಯಾಜ್ಯದ ಜಲಜನಕವೆಂದು ಲೆಕ್ಕ ಹಿಡಿಯುವುದೂ ಸರಿಯಲ್ಲ.

ಭಾರತದಲ್ಲಿ ಈ ಕೆಲಸ ಬಹುಕಾಲದಿಂದ ನಡೆದಿರುವುದು ಪುಣೆಯ ಸಿ-ಮೆಟ್ ಸಂಸ್ಥೆಯಲ್ಲಿ. ಅಲ್ಲಿನ ಸಂಶೋಧಕರು ಕೊರಿಯಾದವರ ಜೊತೆಗೂಡಿ 2006ರಲ್ಲಿ ಕ್ಯಾಡ್ಮಿಯಂ-ಇಂಡಿಯಂ ಸಲ್ಫೈಡಿನ ಹರಳುಗಳನ್ನು ಚೆಂಡುಹೂವಿನ ಎಸಳುಗಳಂತೆ ಬೆಳೆಸಿ, ಗೋಚರ ಬೆಳಕಿನಲ್ಲಿ ಹೈಡ್ರೋಜನ್ ಸಲ್ಫೈಡನ್ನು ಒಡೆದರು.

ಈಚಿನ ವರ್ಷಗಳಲ್ಲಿ ಗಮನ ಇಂಗಾಲದ ತ್ಯಾಜ್ಯಗಳತ್ತಲೂ ಹರಿದಿದೆ. ಜೈವಿಕ ಡೀಸೆಲ್ ತಯಾರಿಕೆಯಲ್ಲಿ ಇಂಧನದ ಸುಮಾರು ಹತ್ತನೇ ಒಂದು ಪಾಲು ತೂಕದಷ್ಟು ಗ್ಲಿಸರಾಲ್ ಉಳಿಯುತ್ತದೆ. ಅದು ಹೇಳಿಮಾಡಿಸಿದ ಕಚ್ಚಾವಸ್ತು. ಕೇಂಬ್ರಿಜ್‌ನಲ್ಲಿ ಎರ್ವಿನ್ ರೈಸ್ನರ್ ಅವರ ತಂಡ 2017ರಲ್ಲಿ ಮರ, ಕಾಗದದಂಥ ಒರಟು ಜೈವಿಕ ವಸ್ತುಗಳಿಂದ, ಮರುವರ್ಷ ಪಾಲಿಎಸ್ಟರ್‌ನಂಥ ಪ್ಲಾಸ್ಟಿಕ್‌ಗಳಿಂದ ಕ್ಷಾರದಲ್ಲಿ ಜಲಜನಕ ಪಡೆಯಿತು. ಇಂಥ ವಸ್ತುಗಳು ಪೂರ್ತಿ ಉತ್ಕರ್ಷಣಗೊಂಡರೆ ಇಂಗಾಲದ ಡೈಆಕ್ಸೈಡೇ ಬರುತ್ತದೆ. ಹಾಗಾಗದಂತೆ ಅರ್ಧದಲ್ಲೇ ತಡೆದು ಫಾರ್ಮಿಕ್ ಆಮ್ಲದಂಥ ಬೆಲೆಬಾಳುವ ರಾಸಾಯನಿಕಗಳನ್ನು ಉಳಿಸಿಕೊಳ್ಳುವತ್ತ ಈಗ ಪ್ರಯತ್ನ ಸಾಗಿದೆ.

ಬಯಲಿನಲ್ಲಿ ದೊಡ್ಡದಾಗಿ ಮಾಡಿ ನೋಡಿದ ಉದಾಹರಣೆ ಸಿಗುವುದು ನೀರು ಒಡೆಯುವ ಶಾಖೆಯಲ್ಲಿ. ಜಪಾನಿನ ಕಜುನಾರಿ ಡೊಮೆನ್ ಅವರ ತಂಡ 100 ಚದರ ಮೀಟರ್ ಫಲಕಗಳನ್ನು ತಿಂಗಳುಗಟ್ಟಲೆ ನಡೆಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿತು. ಬಿಸಿಲಿನ ಶಕ್ತಿಯಲ್ಲಿ ಜಲಜನಕಕ್ಕೆ ದಾಟಿದ್ದು ಹೆಚ್ಚೆಂದರೆ ಶೇ 0.76. ತ್ಯಾಜ್ಯದ ದ್ರಾವಣಕ್ಕೆ ಇದಕ್ಕೂ ಮಿಗಿಲಾದ ಕಷ್ಟಗಳಿವೆ. ಕಾರ್ಖಾನೆಯ ನೀರು ಕದಡಿರುತ್ತದೆ, ಬಣ್ಣ ಕಟ್ಟಿರುತ್ತದೆ. ಅದರಲ್ಲಿನ ಕಲ್ಮಶಗಳು ವೇಗವರ್ಧಕವಾದ ಅರೆವಾಹಕದ ಮೈಗೆ ಅಂಟಿ ಅದನ್ನು ಮಂಕಾಗಿಸುತ್ತವೆ. ಕ್ಯಾಡ್ಮಿಯಂ ಸ್ವತಃ ವಿಷಲೋಹವಾದ್ದರಿಂದ ಅದು ಸೋರದಂತೆ ಕಾಯಲೇಬೇಕು. ಇಳುವರಿಗೂ ಮಿತಿಯಿದೆ: 34 ಕಿಲೊ ಹೈಡ್ರೋಜನ್ ಸಲ್ಫೈಡಿನಲ್ಲಿರುವ ಜಲಜನಕ 2 ಕಿಲೊ ಮಾತ್ರ. ಆದರೂ ಸಂಸ್ಕರಣಾಗಾರ ಆ ಅನಿಲವನ್ನು ಹೇಗಿದ್ದರೂ ಹಿಡಿದು ವಿಲೇವಾರಿ ಮಾಡಲೇಬೇಕಾಗಿದೆ, ಅದರಿಂದ ಸಿಗುವ ಜಲಜನಕಕ್ಕೆ ಗಂಧಕ ತೆಗೆಯುವ ಅದೇ ಘಟಕದಲ್ಲಿ ಬೇಡಿಕೆಯೂ ಇದೆ.