ಆಪಾದನೆ: ರಂಗದ ಮೇಲೆ, ತೆರೆಯ ಮೇಲೆ

ವಾಕ್ಚಿತ್ರವು ಹುಟ್ಟಿದ ಹೊಸದರಲ್ಲಿ ಅದಕ್ಕೆ ಸ್ವಂತದ ಮಾತೆಂಬುದಿರಲಿಲ್ಲ. ಮಾತನ್ನು ಅದು ನಾಟಕಶಾಲೆಯಿಂದ ಕಡ ತಂದಿತು. ನಮ್ಮ ನಾಡಿನಲ್ಲಿ ನಡೆದ ಈ ಸಂಗತಿಯು ದೂರದ ಜರ್ಮನಿಯಲ್ಲಿಯೂ ನಡೆದಿತ್ತು. ಹೀಗೆ ರಂಗದಿಂದ ತೆರೆಗೆ ಬಂದ ಎರಡು ಕತೆಗಳನ್ನು, ಒಂದು ಬರ್ಲಿನ್ನಿನದು, ಇನ್ನೊಂದು ಕನ್ನಡದ್ದು, ಜೊತೆಗಿಟ್ಟು ನೋಡುವುದು ಈ ಲೇಖನದ ಉದ್ದೇಶ. ಎರಡರಲ್ಲಿಯೂ ಕೊಲೆ ಮಾಡದವನೊಬ್ಬನು ಕೊಲೆಗಾರನೆನಿಸಿಕೊಳ್ಳುತ್ತಾನೆ.

ಮಾಕ್ಸ್ ಆಲ್ಸ್‌ಬೆರ್ಗನು ಬರ್ಲಿನ್ ನಗರದ ಹೆಸರಾಂತ ವಕೀಲ. ಕೊಲೆ ಮೊಕದ್ದಮೆಗಳಲ್ಲಿ ಆಪಾದಿತರ ಪರವಾಗಿ ವಾದಿಸುತ್ತಿದ್ದವನು. ಅವನು ಒಟ್ಟೋ ಎರ್ನ್‌ಸ್ಟ್ ಹೆಸ್ಸೆಯೊಡನೆ ಸೇರಿ ‘ಫೋರುಂಟರ್‌ಝೂಖುಂಗ್’, ಅಂದರೆ ‘ಪೂರ್ವವಿಚಾರಣೆ’ ಎಂಬ ನಾಟಕವನ್ನು ಬರೆದನು. ಮೊಕದ್ದಮೆಯು ನ್ಯಾಯಸ್ಥಾನಕ್ಕೆ ಬರುವ ಮುನ್ನ ನ್ಯಾಯಾಧೀಶನೊಬ್ಬನು ತಾನೇ ಆಪಾದಿತನನ್ನೂ ಸಾಕ್ಷಿಗಳನ್ನೂ ಪ್ರಶ್ನಿಸುವ ಪದ್ಧತಿಯು ಆಗ ಆ ದೇಶದಲ್ಲಿತ್ತು. ನಾಟಕದ ಹೆಸರಿಗೆ ಅದೇ ಮೂಲ. 1931ರಲ್ಲಿ ಊಫಾ ಸಂಸ್ಥೆಗಾಗಿ ರಾಬರ್ಟ್ ಸಿಯೋಡ್‌ಮಾಕನು ಇದನ್ನು ವಾಕ್ಚಿತ್ರವಾಗಿ ನಿರ್ದೇಶಿಸಿದನು. ನ್ಯಾಯಾಧೀಶನ ಪಾತ್ರವನ್ನು ರಂಗಭೂಮಿಯ ಹಿರಿಯ ನಟ ಆಲ್ಬರ್ಟ್ ಬಾಸರ್‌ಮಾನನು ವಹಿಸಿದನು.

ಕತೆ ಇಷ್ಟು. ಫ್ರಿಟ್ಸ್ ಎಂಬ ವಿದ್ಯಾರ್ಥಿಯು ಒಬ್ಬ ಹೆಂಗಸಿನ ಸಹವಾಸವನ್ನು ಬಿಡಬೇಕೆಂದಿರುವಾಗಲೇ ಆಕೆಯ ಕೊಲೆಯಾಗುತ್ತದೆ. ಇವನೇ ಅಪರಾಧಿಯೆಂದು ನ್ಯಾಯಾಧೀಶನು ಮನಸ್ಸಿನಲ್ಲಿ ಮೊದಲೇ ತೀರ್ಮಾನಿಸಿ, ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಅವನನ್ನು ಹಿಂಡುತ್ತಾನೆ. ಅಷ್ಟರಲ್ಲಿ ಸಂಶಯವು ನ್ಯಾಯಾಧೀಶನ ಸ್ವಂತ ಮಗನತ್ತಲೇ ತಿರುಗುತ್ತದೆ. ಪರರ ಮಗನ ವಿಷಯದಲ್ಲಿ ಕಲ್ಲಿನಂತೆ ಗಟ್ಟಿಯೆಂದು ತೋರಿದ ಸಾಕ್ಷ್ಯದ ರೀತಿಯು ತನ್ನ ಮಗನ ವಿಷಯದಲ್ಲಿ ಎಷ್ಟು ಟೊಳ್ಳೆಂಬುದು ಆಗ ತಂದೆಗೆ ಹೊಳೆಯುತ್ತದೆ. ಕೊನೆಗೆ ಕೊಲೆಗಾರನು ಇವರಿಬ್ಬರೂ ಅಲ್ಲದ ಬೇರೊಬ್ಬನು.

1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಯೆಹೂದ್ಯನಾದ ಆಲ್ಸ್‌ಬೆರ್ಗನು ದೇಶವನ್ನು ತೊರೆದು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಪ್ರಾಣ ಕಳೆದುಕೊಂಡನು. ಸಿಯೋಡ್‌ಮಾಕನೂ ದೇಶ ಬಿಟ್ಟನು. ವಿಚಾರಣೆಯಲ್ಲಿ ದೋಷವುಂಟೆಂದು ಎಚ್ಚರಿಸಿದವನ ನಾಡಿನಲ್ಲಿ, ವಿಚಾರಣೆಯೇ ಇಲ್ಲದೆ ಸಾವಿರಾರು ಜನ ಸೆರೆಗೆ ಹೋದರು.

ಇನ್ನು ನಮ್ಮ ಕಡೆಗೆ ಬರೋಣ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡದ್ದು 1934ರ ಮಾರ್ಚ್ 3ರಂದು. ಅದು ಪುರಾಣದ ಕತೆ. ನಮ್ಮಂಥ ಸಾಮಾನ್ಯರ ಸಂಸಾರವನ್ನು ಮೊದಲು ತೆರೆಗೆ ತಂದದ್ದು 1936ರ ‘ಸಂಸಾರ ನೌಕೆ’. ಹೆಚ್. ಎಲ್. ಎನ್. ಸಿಂಹರವರು ರಚಿಸಿದ ಈ ನಾಟಕವನ್ನು ಮಹಮ್ಮದ್ ಪೀರರ ಚಂದ್ರಕಲಾ ನಾಟಕ ಮಂಡಳಿಯು ಆಡುತ್ತಿತ್ತು. ಮದರಾಸಿನಲ್ಲಿ ಚಿತ್ರ ತಯಾರಾದಾಗ ಸಿಂಹರವರೇ ನಿರ್ದೇಶಕರು; ರಂಗದ ನಟರೇ ತೆರೆಯ ನಟರು. ಬಿ. ಆರ್. ಪಂತುಲು, ಎಂ. ವಿ. ರಾಜಮ್ಮ, ಡಿಕ್ಕಿ ಮಾಧವರಾವ್ ಮೊದಲಾದವರು ಅದರಲ್ಲಿದ್ದರು. ಮುಂದೆ 1958ರ ‘ಸ್ಕೂಲ್ ಮಾಸ್ಟರ್’ ಚಿತ್ರದಲ್ಲಿ ಉಪಾಧ್ಯಾಯನಾಗಿ ನಮ್ಮೆಲ್ಲರ ಮನ ಕರಗಿಸಿದವರು ಇದೇ ಪಂತುಲು.

ನಾಯಕ ಸುಂದರನು ತಾತನ ಇಚ್ಛೆಗೆ ವಿರುದ್ಧವಾಗಿ ಸರಳೆಯನ್ನು ಮದುವೆಯಾಗುತ್ತಾನೆ. ಮುಂದೆ ಕೆಲಸವೂ ಹೋಗುತ್ತದೆ. ಬಡತನದ ಮೇಲೆ ಕೊಲೆಯ ಆಪಾದನೆಯೂ ಬಂದೆರಗಿ, ಕೊನೆಯಲ್ಲಿ ನಿಜ ಹೊರಬಿದ್ದು ಅವನು ಪಾರಾಗುತ್ತಾನೆ. ಬರ್ಲಿನ್ನಿನ ಕತೆಯು ಸಂಶಯಪಡುವವನ ಮನಸ್ಸನ್ನು ಶೋಧಿಸಿತು. ಸಿಂಹರ ಕತೆಯು ಸಂಶಯಕ್ಕೆ ಸಿಕ್ಕವನ ಮನೆಯನ್ನು ತೋರಿಸಿತು. ಬಿದ್ದವರಿಗೆ ಆಳಿಗೊಂದು ಕಲ್ಲೆಂಬ ಗಾದೆಯು ಇಲ್ಲಿ ಕತೆಯಾಗಿದೆ.

ಸಿಂಹರವರ ಹೆಸರಿಗೂ ನಮ್ಮ ಬೆಟ್ಟಗಳಿಗೂ ನಂಟುಂಟು. ದಿಂಬಂ ಘಟ್ಟವನ್ನೇರಿ ತಾಳವಾಡಿಯ ಕಡೆಗೆ ಹೋದರೆ ಸಿಗುವ ಗಾಜನೂರಿನ ಮುತ್ತುರಾಜನನ್ನು 1954ರಲ್ಲಿ ‘ಬೇಡರ ಕಣ್ಣಪ್ಪ’ನನ್ನಾಗಿ ಮಾಡಿ, ರಾಜಕುಮಾರನೆಂದು ಹೆಸರಿಟ್ಟವರು ಅವರೇ. ಅದೂ ರಂಗದಿಂದ ತೆರೆಗೆ ಬಂದ ಕತೆಯೇ.

ಮಿತ್ರರೇ, ಉಪಾಧ್ಯಾಯರಾದ ನಾವೂ ದಿನಕ್ಕೊಮ್ಮೆ ನ್ಯಾಯಾಧೀಶನ ಪೀಠದಲ್ಲಿ ಕೂರುತ್ತೇವೆ. ಒಮ್ಮೆ ನನ್ನ ತರಗತಿಯಲ್ಲಿ ಒಂದು ಹೊಸ ಪೆನ್ಸಿಲು ಕಾಣೆಯಾಯಿತು. ನನ್ನ ಕಣ್ಣು ಮೊದಲು ಹೋದದ್ದು ಹರಿದ ಅಂಗಿಯ ಹುಡುಗನ ಮೇಲೆ. ಅವನ ಚೀಲವನ್ನು ಎಲ್ಲರೆದುರಿಗೆ ಬರಿದುಮಾಡಿಸಿದೆ. ಪೆನ್ಸಿಲು ಮರುದಿನ ಗೋಡೆಯ ಸಂದಿನಲ್ಲಿ ಸಿಕ್ಕಿತು. ಅವನ ಬಳಿ ತಪ್ಪೊಪ್ಪಿಕೊಂಡೆ. ಆದರೂ ಬಹುದಿನ ಅವನು ನನ್ನ ಮುಖ ನೋಡಿ ಪಾಠ ಒಪ್ಪಿಸಲಿಲ್ಲ. ತೆರೆಯ ಮೇಲೆ ಸುಂದರನಿಗೆ ಬಿಡುಗಡೆಯಾದೊಡನೆ ಕತೆ ಮುಗಿಯುತ್ತದೆ. ತರಗತಿಯಲ್ಲಿ ಹಾಗೆ ಮುಗಿಯುವುದಿಲ್ಲ.