ಉಪಗ್ರಹ ನಕ್ಷೆಯಲ್ಲಿ ಜಾಗ ಹುಡುಕುವ ಆಟ: ಹೆಸರು ಬೇಡ, ಗುರುತು ಸಾಕು

ಕಂಪ್ಯೂಟರ್ ಪರದೆಯ ಮೇಲೆ ಭೂಗೋಳ. ಒಬ್ಬರು ‘ಗೋಲಗುಮ್ಮಟ’ ಎನ್ನುತ್ತಾರೆ. ಇನ್ನೊಬ್ಬರು ಆ ಹೆಸರನ್ನು ಎಲ್ಲಿಯೂ ಟೈಪ್ ಮಾಡದೆ, ನಕ್ಷೆಯನ್ನು ಕೈಯಿಂದಲೇ ಸರಿಸುತ್ತ, ಹಿಗ್ಗಿಸುತ್ತ ಐದು ನಿಮಿಷದೊಳಗೆ ಗುಮ್ಮಟದ ನೆತ್ತಿಯ ಮೇಲೆ ಬಂದು ನಿಲ್ಲಬೇಕು. ಆಟ ಇಷ್ಟೇ. ಬೇಕಾದದ್ದು ಒಂದು ಕಂಪ್ಯೂಟರ್ ಅಥವಾ ಮೊಬೈಲ್, ಜೊತೆಗೆ ಇಂಟರ್‌ನೆಟ್ ಸಂಪರ್ಕ. ಗಡಿನಾಡಿನ ಮನೆಗಳಿಗೆ ಈ ಆಟ ಬೇರೆಯವರಿಗಿಂತ ಹೆಚ್ಚು ಒಪ್ಪುತ್ತದೆ. ಅದೇಕೆಂದು ಮುಂದೆ ನೋಡೋಣ.

ಹಿನ್ನೆಲೆ

ಅಮೆರಿಕದ ಕೀಹೋಲ್ ಎಂಬ ಸಣ್ಣ ಕಂಪನಿಯನ್ನು ಗೂಗಲ್ 2004ರಲ್ಲಿ ಕೊಂಡುಕೊಂಡಿತು. ಆ ಕಂಪನಿಯ ತಂತ್ರಾಂಶವೇ 2005ರ ಜೂನ್ ತಿಂಗಳಲ್ಲಿ ‘ಗೂಗಲ್ ಅರ್ಥ್’ ಎಂಬ ಹೊಸ ಹೆಸರಿನಲ್ಲಿ ಉಚಿತವಾಗಿ ಹೊರಬಂತು. ಕೀಹೋಲ್ ಎಂದರೆ ಬೀಗದ ಕಿಂಡಿ. ಅಮೆರಿಕದ ಗೂಢಚಾರ ಉಪಗ್ರಹಗಳಿಗೆ ಇದ್ದ ಸಂಕೇತನಾಮವನ್ನೇ ಕಂಪನಿಯವರು ಇಟ್ಟುಕೊಂಡಿದ್ದರು. ಅದುವರೆಗೆ ಸೈನ್ಯ ಮತ್ತು ಸರಕಾರಿ ಇಲಾಖೆಗಳ ಕಪಾಟಿನಲ್ಲಿದ್ದ ನೋಟ ಹೀಗೆ ಸಾರ್ವಜನಿಕರ ಕೈಗೆ ಬಂತು. ಜನ ಮೊದಲು ಹುಡುಕಿದ್ದು ತಮ್ಮ ತಮ್ಮ ಮನೆಯ ಮಾಡು. ಆಮೇಲೆ ಪಿರಮಿಡ್, ತಾಜಮಹಲ್, ಐಫೆಲ್ ಗೋಪುರ.

ಎಲ್ಲರಿಗೂ ಇದು ಆಟವಾಗಿ ಕಾಣಲಿಲ್ಲ. 2005ರ ಅಕ್ಟೋಬರಿನಲ್ಲಿ ಅಂದಿನ ರಾಷ್ಟ್ರಪತಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಹೈದರಾಬಾದಿನಲ್ಲಿ ಪೊಲೀಸ್ ಅಧಿಕಾರಿಗಳ ಮುಂದೆ ಮಾತನಾಡುತ್ತ, ಇಷ್ಟು ಸ್ಪಷ್ಟವಾದ ಚಿತ್ರಗಳು ಭಯೋತ್ಪಾದಕರಿಗೂ ಸಿಗುತ್ತವೆಂದು ಆತಂಕ ವ್ಯಕ್ತಪಡಿಸಿದ್ದರು. ಮುಂದೆ 2009ರ ಆಗಸ್ಟಿನಲ್ಲಿ ನಮ್ಮ ಇಸ್ರೋ ಸಂಸ್ಥೆಯೇ ‘ಭುವನ್’ ಎಂಬ ಉಪಗ್ರಹ ನಕ್ಷೆಯನ್ನು ಹೊರತಂದಿತು. ಆಟಕ್ಕೆ ಯಾವುದಾದರೂ ಆದೀತು.

ನಿಯಮಗಳು

ಮೊದಲನೆಯ ಕೆಲಸ ನಕ್ಷೆಯ ಮೇಲಿನ ಹೆಸರುಗಳನ್ನು ಅಳಿಸುವುದು. ಕಂಪ್ಯೂಟರಿನ ಗೂಗಲ್ ಅರ್ಥ್‌ನಲ್ಲಿ ಎಡಗಡೆಯ ‘ಲೇಯರ್ಸ್’ ಪಟ್ಟಿಯ ಟಿಕ್ ಗುರುತುಗಳನ್ನು ತೆಗೆದರೆ ಊರಿನ ಹೆಸರು, ಗಡಿಗೆರೆ ಎರಡೂ ಮಾಯವಾಗುತ್ತವೆ. ಮೊಬೈಲಿನಲ್ಲಾದರೆ ನಕ್ಷೆಯ ಶೈಲಿಯನ್ನು ‘ಕ್ಲೀನ್’ ಎಂದು ಬದಲಿಸಬೇಕು. ಉಳಿಯುವುದು ಬರೀ ನೆಲ, ನೀರು, ರಸ್ತೆ, ಮಾಡು. ಪ್ರತಿಸಲ ಇಡೀ ಭೂಗೋಳ ಕಾಣುವಷ್ಟು ಹಿಂದೆ ಬಂದೇ ಹೊರಡಬೇಕು. ಸಮಯ ಎಷ್ಟೆಂಬುದು ಆಡುವವರ ಒಪ್ಪಂದ. ಸಿಗದಿದ್ದರೆ ಒಂದು ಸುಳಿವು ಕೇಳಬಹುದು. ಆದರೆ ಅದು ಹೆಸರಾಗಿರಬಾರದು, ‘ಹೊಳೆಯ ಎಡದಂಡೆಯಲ್ಲಿದೆ’ ಎಂಬಂತಿರಬೇಕು.

ಗಡಿನಾಡಿನ ಮಾತು ಬರುವುದು ಇಲ್ಲಿಯೇ. ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜಿ ಓದುವುದು ಕನ್ನಡ ಅಕ್ಷರ, ಮೊಮ್ಮಗ ಶಾಲೆಯಲ್ಲಿ ಕಲಿಯುವುದು ಮಲಯಾಳವೋ ಮರಾಠಿಯೋ ತಮಿಳೋ ತೆಲುಗೋ. ಹೆಸರುಗಳಿರುವ ನಕ್ಷೆ ಮುಂದಿದ್ದರೆ ಇಬ್ಬರಲ್ಲಿ ಒಬ್ಬರು ಸುಮ್ಮನಿರಬೇಕಾಗುತ್ತದೆ. ಹೆಸರಿಲ್ಲದ ನಕ್ಷೆಯ ಮುಂದೆ ಇಬ್ಬರೂ ಸರಿಸಮಾನ. ಇನ್ನೂ ನಿಜ ಹೇಳಬೇಕೆಂದರೆ ಅಜ್ಜಿಯೇ ಮುಂದು. ತೋಡು ಎಲ್ಲಿ ಹೊಳೆ ಸೇರುತ್ತದೆ, ಹಳೆಯ ಗಾಡಿದಾರಿ ಯಾವ ಗುಡ್ಡದ ಬೆನ್ನಿನ ಮೇಲೆ ಹೋಗುತ್ತಿತ್ತು ಎಂಬುದು ನಡೆದವರಿಗೆ ಗೊತ್ತಿರುತ್ತದೆ, ಬಸ್ಸಿನಲ್ಲಿ ಹೋದವರಿಗಲ್ಲ. ಅಜ್ಜಿ ದಾರಿ ಹೇಳಿ ಮೊಮ್ಮಗ ಮೌಸ್ ಹಿಡಿದರೆ ಒಳ್ಳೆಯ ಜೋಡಿ.

ಮೇಲಿನಿಂದ ನೋಡುವ ಕಣ್ಣು

ಪ್ರಸಿದ್ಧ ಕಟ್ಟಡಗಳನ್ನು ನಾವು ಫೋಟೋದಲ್ಲಿ ನೋಡಿರುವುದು ಎದುರಿನಿಂದ. ಮೇಲಿನಿಂದ ಅವುಗಳ ಚಹರೆಯೇ ಬೇರೆ. ಐಫೆಲ್ ಗೋಪುರ ಬರೀ ಒಂದು ಚೌಕದ ಬಲೆ. ಕುತುಬ್ ಮಿನಾರ್ ಸಣ್ಣ ದುಂಡು ಚುಕ್ಕೆ. ಇಂಥವನ್ನು ಹಿಡಿಯಬೇಕಾದದ್ದು ನೆರಳಿನಿಂದ. ಚಿತ್ರ ತೆಗೆಯುವ ಉಪಗ್ರಹಗಳು ಬಹುಮಟ್ಟಿಗೆ ಬೆಳಗಿನ ಹತ್ತೂವರೆಯ ಸುಮಾರಿಗೆ ಹಾದುಹೋಗುವುದರಿಂದ ನೆರಳು ಪಶ್ಚಿಮದ ಕಡೆಗೆ, ಚಳಿಗಾಲದಲ್ಲಿ ವಾಯವ್ಯಕ್ಕೆ ಚಾಚಿರುತ್ತದೆ. ಗೋಪುರ ಕಾಣದಿದ್ದರೂ ನೆಲದ ಮೇಲೆ ಅದರ ಉದ್ದನೆಯ ನೆರಳು ಮಲಗಿರುತ್ತದೆ.

ಈ ನೆರಳೇ ಕೆಲವೊಮ್ಮೆ ಮೋಸವನ್ನೂ ಮಾಡುತ್ತದೆ. ಬೆಳಕು ಮೇಲಿನಿಂದ ಬರುತ್ತದೆಂದು ನಮ್ಮ ಕಣ್ಣಿನ ರೂಢಿ. ಉಪಗ್ರಹ ಚಿತ್ರದಲ್ಲಿ ಅದು ಹೆಚ್ಚಾಗಿ ಆಗ್ನೇಯದಿಂದ, ಅಂದರೆ ಪರದೆಯ ಕೆಳಗಿನ ಬಲಮೂಲೆಯಿಂದ ಬೀಳುತ್ತದೆ. ಹಾಗಾಗಿ ನೀಲಗಿರಿಯ ಶಿಖರಗಳು ಕಣಿವೆಗಳಂತೆಯೂ ಕಣಿವೆಗಳು ಬೆಟ್ಟದ ಸಾಲಿನಂತೆಯೂ ತೋರುತ್ತವೆ. ನಕ್ಷೆಯನ್ನು ತಲೆಕೆಳಗಾಗಿ ತಿರುಗಿಸಿ ದಕ್ಷಿಣವನ್ನು ಮೇಲೆ ತಂದರೆ ತಕ್ಷಣ ಸರಿಹೋಗುತ್ತದೆ. ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಗರಿಯ ಶಿರೋಭೂಷಣ ತೊಟ್ಟ ಮನುಷ್ಯನ ಮುಖದಂತೆ ಕಾಣುವ ಒಂದು ಜಾಗವಿದೆ (50.010, -110.113). ಗೂಗಲ್ ಅರ್ಥ್ ನೋಡುತ್ತಿದ್ದವರಿಗೆ ಅದು ಕಣ್ಣಿಗೆ ಬಿದ್ದು ಹೆಸರಾಯಿತು. ಉಬ್ಬಿದಂತೆ ಕಾಣುವ ಆ ಮುಖ ವಾಸ್ತವದಲ್ಲಿ ನೀರು ಕೊರೆದ ತಗ್ಗು.

ಅಂಕಿಗಳ ವಿಚಾರ: ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಸಮಭಾಜಕದ ದಕ್ಷಿಣಕ್ಕೆ ಅಥವಾ ಗ್ರೀನಿಚ್‌ನ ಪಶ್ಚಿಮಕ್ಕೆ ಇದ್ದರೆ ಹಿಂದೆ ಕಳೆಯುವ ಚಿಹ್ನೆ. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿ.ಮೀ. ಅಂಕಿ ಕೊಟ್ಟು ‘ಇದು ಏನು?’ ಎಂದು ಕೇಳುವುದು ಈ ಆಟದ ಇನ್ನೊಂದು ಬಗೆ.

ನಮ್ಮ ಸುತ್ತಮುತ್ತ

ಕಾಸರಗೋಡಿನವರು ಬೇಕಲ ಕೋಟೆಯಿಂದ (12.39, 75.03) ಆರಂಭಿಸಬಹುದು. ಕಾಸರಗೋಡು ಪೇಟೆಯ ದಕ್ಷಿಣಕ್ಕೆ ಚಂದ್ರಗಿರಿ ಹೊಳೆಯ ಬಾಯಿ ದಾಟಿ, ಕಡಲ ಅಂಚು ಹಿಡಿದು ಕೆಳಗೆ ಬಂದರೆ ನೀರಿಗೆ ಚಾಚಿದ ಕೋಟೆ ಸಿಗುತ್ತದೆ. ಕೆಳದಿಯ ಶಿವಪ್ಪ ನಾಯಕನ ಹೆಸರಿನೊಂದಿಗೆ ತಳಕು ಹಾಕಿಕೊಂಡಿರುವ, ಸುಮಾರು 40 ಎಕರೆಯ ಈ ಕೋಟೆಗೆ ಬೀಗದ ಕಿಂಡಿಯ ಆಕಾರ ಎಂದು ಪ್ರವಾಸಿ ಪುಸ್ತಕಗಳಲ್ಲಿ ಬರೆದಿರುತ್ತಾರೆ. ಕೋಟೆಯೊಳಗೆ ನಿಂತವರಿಗೆ ಅದು ಅರ್ಥವಾಗುವುದು ಕಷ್ಟ, ಮೇಲಿನಿಂದ ನೋಡಿದರೆ ತಿಳಿಯುತ್ತದೆ. ಕೀಹೋಲ್ ಕಂಪನಿಯ ತಂತ್ರಾಂಶದಲ್ಲಿ ಬೀಗದ ಕಿಂಡಿಯ ಕೋಟೆ ನೋಡುವುದೂ ಒಂದು ತಮಾಷೆಯೇ. ಕಷ್ಟದ ಸವಾಲು ಬೇಕೆನ್ನುವವರು ಕುಂಬಳೆ ಸಮೀಪದ ಅನಂತಪುರ ಕೆರೆ ದೇವಸ್ಥಾನವನ್ನು ಹುಡುಕಲಿ. ತೆಂಗು, ಅಡಿಕೆ ತೋಟಗಳ ನಡುವೆ ಚೌಕ ಕೆರೆ, ಕೆರೆಯ ನಡುವೆ ಗುಡಿ. 2022ರ ಅಕ್ಟೋಬರಿನಲ್ಲಿ ತೀರಿಕೊಂಡ ಮೊಸಳೆ ಬಬಿಯಾ ಮಾತ್ರ ಯಾವ ಉಪಗ್ರಹದ ಕಣ್ಣಿಗೂ ಬಿದ್ದಂತಿಲ್ಲ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯವರಿಗೆ ರೈಲುಹಳಿಯೇ ದಾರಿ. ಸೊಲ್ಲಾಪುರದಲ್ಲಿ ಕೆರೆಯ ನಡುವಿನ ಸಿದ್ಧೇಶ್ವರ ಗುಡಿ, ಪಕ್ಕದಲ್ಲೇ ಕೋಟೆ. ಇವೆರಡು ಸಿಕ್ಕರೆ ಊರು ಖಾತ್ರಿ. ಅಲ್ಲಿಂದ ಹೋಟಗಿ ಜಂಕ್ಷನ್, ದಕ್ಷಿಣಕ್ಕೆ ಹೊರಳಿದ ಹಳಿ, ಭೀಮಾ ನದಿಯ ಸೇತುವೆ, ಆಮೇಲೆ ವಿಜಯಪುರ. ನಿಲ್ದಾಣದ ಹತ್ತಿರವೇ ಗೋಲಗುಮ್ಮಟ (16.83, 75.74): ಒಂದು ಚೌಕ, ಅದರೊಳಗೆ ದೊಡ್ಡ ವೃತ್ತ, ನಾಲ್ಕು ಮೂಲೆಗೆ ನಾಲ್ಕು ಎಂಟುಮೂಲೆಯ ಗೋಪುರ. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಸ್ವಲ್ಪ ಹಿಂದೆ ಬಂದರೆ ಆದಿಲ್‌ಶಾಹಿ ಕಾಲದ ಕೋಟೆಗೋಡೆ ಇಡೀ ಹಳೆಯ ಊರನ್ನು ಸುತ್ತಿರುವುದು ಕಾಣುತ್ತದೆ. ಪಿಸುಮಾತಿನ ಗ್ಯಾಲರಿಗೆ ಹತ್ತಾರು ಸಲ ಹೋದವರಿಗೂ ಈ ನೋಟ ಹೊಸದಾಗಿರುತ್ತದೆ.

ವಯನಾಡು, ನೀಲಗಿರಿ, ತಾಳವಾಡಿಯ ಮಕ್ಕಳಿಗೆ ತಿರುವು ಎಣಿಸುವ ಆಟ ಇಷ್ಟವಾದೀತು. ತಾಮರಶ್ಶೇರಿ ಘಾಟಿಯಲ್ಲಿ 9, ಬಣ್ಣಾರಿಯಿಂದ ದಿಂಬಂ ಏರುವಲ್ಲಿ 27, ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಹಟ್ಟಿ ಘಾಟಿಯಲ್ಲಿ 36 ಹಿಮ್ಮುರಿ ತಿರುವುಗಳು. ಕಾಡಿನ ಮರೆಯಲ್ಲಿ ರಸ್ತೆ ಅಡಗುವುದರಿಂದ ಲೆಕ್ಕ ಸರಿ ಬರಿಸುವುದು ಸುಲಭವಲ್ಲ.

ಮಡಕಶಿರಾ, ರಾಯದುರ್ಗದ ಕಡೆಯವರಿಗೆ ಪಾವಗಡದ ಸೌರ ವಿದ್ಯುತ್ ಪಾರ್ಕ್ ಹತ್ತಿರ. ಕಂದು ನೆಲದ ಮೇಲೆ ಕಡುನೀಲಿ ಹಾಳೆಗಳನ್ನು ಹರಡಿದಂತೆ ಕಾಣುವ ಇದು 13,000 ಎಕರೆಯ, 2,050 ಮೆಗಾವಾಟ್ ಸಾಮರ್ಥ್ಯದ ಯೋಜನೆ. ಪೂರ್ವಕ್ಕೆ ಕದಿರಿಯ ಸಮೀಪ ತಿಮ್ಮಮ್ಮನ ಆಲದಮರವಿದೆ. ಐದು ಎಕರೆಗೂ ಮಿಕ್ಕಿ ಹರಡಿ 1989ರಲ್ಲಿ ಗಿನ್ನೆಸ್ ದಾಖಲೆ ಸೇರಿದ ಮರ ಅದು. ಮೇಲಿನಿಂದ ತೋಪಿನಂತೆ ಕಾಣುವ ಹಸಿರು ಒಂದೇ ಮರ ಎಂದು ನಂಬಿಸುವುದೇ ಕಷ್ಟ.

ಇನ್ನು ಸಕಲೇಶಪುರದ ಮಂಜರಾಬಾದ್ ಕೋಟೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಈ ಕೋಟೆಗೆ ಎಂಟು ಮೂಲೆಯ ನಕ್ಷತ್ರದ ಆಕಾರ. ನನ್ನ ಮಟ್ಟಿಗೆ ಈ ಆಟದಲ್ಲಿ ಇದಕ್ಕಿಂತ ಚೆಂದದ ಗುರಿ ಕರ್ನಾಟಕದಲ್ಲಿ ಇಲ್ಲ.

ಹೊರದೇಶದಲ್ಲಿ ಗೀಜಾದ ಪಿರಮಿಡ್ಡುಗಳು (29.979, 31.134) ಸುಲಭ. ನೈಲ್ ನದಿ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಜಾಗಕ್ಕೆ ತುಸು ದಕ್ಷಿಣದಲ್ಲಿ, ಪಶ್ಚಿಮ ದಂಡೆಯ ಹಸಿರು ಮುಗಿದು ಮರಳು ಶುರುವಾಗುವ ಗೆರೆಯ ಮೇಲೆ ಅವು ಇವೆ. ಮಾರಿಟೇನಿಯಾ ದೇಶದ ‘ಸಹಾರಾದ ಕಣ್ಣು’ (21.12, -11.40) ಸುಮಾರು 40 ಕಿ.ಮೀ. ಅಗಲದ ಉಂಗುರಗಳ ಸಾಲು. ಉಲ್ಕೆ ಬಿದ್ದ ಗುಂಡಿ ಎಂದು ಮೊದಲು ಭಾವಿಸಿದ್ದರು. ಉಬ್ಬಿದ ಬಂಡೆ ಸವೆದು ಉಂಟಾದದ್ದು ಎಂದು ಆಮೇಲೆ ಗೊತ್ತಾಯಿತು. ನಿಜವಾಗಿ ಉಲ್ಕೆ ಬಿದ್ದ ಗುಂಡಿ ಮಹಾರಾಷ್ಟ್ರದ ಲೋಣಾರ್ ಸರೋವರ (19.98, 76.51). 2020ರ ಜೂನ್‌ನಲ್ಲಿ ಇದರ ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತು.

ನೋಡುವಾಗ ಒಂದು ಎಚ್ಚರ

ನಕ್ಷೆಯಲ್ಲಿ ಈ ಕ್ಷಣದ ದೃಶ್ಯ ಕಾಣುತ್ತದೆ, ಅಂಗಳದಲ್ಲಿ ಯಾರಿದ್ದಾರೆಂದು ತಿಳಿಯುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಅದು ಸರಿಯಲ್ಲ. ಚಿತ್ರಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಳೆಯವು. ಮಳೆಗಾಲದಲ್ಲಿ ಮೋಡ ಅಡ್ಡ ಬರುವುದರಿಂದ ನಮ್ಮ ಕಡೆಯ ಚಿತ್ರಗಳು ಹೆಚ್ಚಾಗಿ ಬೇಸಗೆಯವು. ತುಂಬಿದ ಕೆರೆ ಹುಡುಕಲು ಹೋದವರಿಗೆ ಒಣಗಿದ ಕೆರೆಯಂಗಳ ಸಿಗುತ್ತದೆ.

ಗಡಿಯಾರದ ಚಿತ್ರವನ್ನು ಒತ್ತಿದರೆ ಹಳೆಯ ವರ್ಷಗಳ ಚಿತ್ರಗಳೂ ತೆರೆದುಕೊಳ್ಳುತ್ತವೆ. 2009ರಿಂದ ಈ ಸೌಲಭ್ಯವಿದೆ. ಹೀಗೆ ಹಿಂದಿನದನ್ನೂ ಇಂದಿನದನ್ನೂ ಹೋಲಿಸುವ ಕೆಲಸ ಆಟದಾಚೆಗೂ ಬೇಕಾಗುತ್ತದೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಪ್ರದೇಶ ಭೂಕುಸಿತಕ್ಕೆ ತುತ್ತಾದಾಗ ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಹಳೆಯ ಚಿತ್ರವನ್ನೂ, ಮೋಡ ತೂರಿ ನೋಡಬಲ್ಲ ರಡಾರ್ ಉಪಗ್ರಹದ ಹೊಸ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ಬಿಡುಗಡೆ ಮಾಡಿತು. ಸುಮಾರು 86,000 ಚದರ ಮೀಟರ್ ನೆಲ ಜಾರಿತ್ತು, ಕಲ್ಲುಮಣ್ಣು ಹೊಳೆಯ ಪಾತ್ರದಲ್ಲಿ 8 ಕಿ.ಮೀ. ಹರಿದಿತ್ತು.

ಹೆಸರು ತಪ್ಪಿದವನು ಮನೆ ಸೇರಿದ್ದು

ಹೆಸರು ಟೈಪ್ ಮಾಡಬಾರದೆಂಬ ನಿಯಮ ಯಾಕೆಂದು ಕೆಲವರು ಕೇಳಬಹುದು. ಗಡಿಯವರಾದ ನಾವು ಕೇಳಬೇಕಾಗಿಲ್ಲ. ನಮ್ಮ ಹೊಸೂರು ತಮಿಳಿನಲ್ಲಿ ಓಸೂರು, ಆದವಾನಿ ತೆಲುಗಿನಲ್ಲಿ ಆದೋನಿ, ಮಂಜೇಶ್ವರ ಮಲಯಾಳದಲ್ಲಿ ಮಂಜೇಶ್ವರಂ. ಇಂಗ್ಲಿಷ್ ಕಾಗುಣಿತ ಇನ್ನೊಂದು ಬಗೆ. ಸಣ್ಣ ಹಳ್ಳಿಗಳ ಪಾಡಂತೂ ಕೇಳುವುದೇ ಬೇಡ.

ಮಧ್ಯಪ್ರದೇಶದ ಖಂಡ್ವಾ ಪಟ್ಟಣದ ಬಡ ಕುಟುಂಬದ ಹುಡುಗನೊಬ್ಬ 1986ರಲ್ಲಿ, ಐದು ವರ್ಷದವನಿದ್ದಾಗ, ಅಣ್ಣನ ಜೊತೆ ಬುರ್ಹಾನಪುರ ನಿಲ್ದಾಣಕ್ಕೆ ಹೋಗಿದ್ದ. ಅಣ್ಣ ಬರುವುದು ತಡವಾಯಿತೆಂದು ನಿಂತಿದ್ದ ರೈಲು ಹತ್ತಿ ನಿದ್ದೆಹೋದ. ಇಳಿದದ್ದು ಹೌರಾದಲ್ಲಿ. ಊರು ಯಾವುದೆಂದರೆ ‘ಗಿನೆಸ್ಟ್‌ಲೇ’ ಎನ್ನುತ್ತಿದ್ದ, ನಿಲ್ದಾಣ ಯಾವುದೆಂದರೆ ‘ಬೆರಾಂಪುರ್’. ಅಂಥ ಹೆಸರು ಹೇಳಿದರೆ ಯಾರಿಗೂ ಗುರುತು ಹತ್ತಲಿಲ್ಲ. ಮರುವರ್ಷ ಆಸ್ಟ್ರೇಲಿಯಾದ ದಂಪತಿಗಳು ದತ್ತು ಪಡೆದರು. ಆತನೇ ಸರೂ ಬ್ರಿಯರ್ಲಿ. ಸರೂ ಎಂಬುದೂ ಮೂಲದಲ್ಲಿ ಶೇರು. ಮಗುವಿನ ಬಾಯಲ್ಲಿ ಬದಲಾದ ಹೆಸರು.

ದೊಡ್ಡವನಾದ ಮೇಲೆ ಸರೂ ಗೂಗಲ್ ಅರ್ಥ್ ತೆರೆದು ಕುಳಿತ. ಹುಡುಕುವುದಕ್ಕೆ ಹೆಸರಿರಲಿಲ್ಲ, ಮನಸ್ಸಿನಲ್ಲಿದ್ದ ಗುರುತುಗಳಷ್ಟೇ ಇದ್ದವು: ನಿಲ್ದಾಣದ ಬಳಿಯ ನೀರಿನ ಟ್ಯಾಂಕು, ಹಳಿ ದಾಟುವ ಮೇಲ್ಸೇತುವೆ, ಮನೆಯ ಹತ್ತಿರ ತಾನು ಆಡುತ್ತಿದ್ದ ಹೊಳೆಯ ಒಡ್ಡು. ರೈಲು ಎಷ್ಟು ಹೊತ್ತು ಓಡಿರಬಹುದೆಂಬ ಅಂದಾಜಿಗೆ ವೇಗವನ್ನು ಗುಣಿಸಿ ದೂರ ಲೆಕ್ಕ ಹಾಕಿದ. ಹೌರಾದಿಂದ ಹೊರಡುವ ಹಳಿಗಳನ್ನು ಒಂದೊಂದಾಗಿ ಹಿಡಿದು, ರಾತ್ರಿಗಳನ್ನು ಕಳೆದು, ನಿಲ್ದಾಣದಿಂದ ನಿಲ್ದಾಣಕ್ಕೆ ಸರಿಯುತ್ತ ಬಂದ. 2011ರಲ್ಲಿ ಟ್ಯಾಂಕು ಸಿಕ್ಕಿತು. ಬೆರಾಂಪುರ್ ಎಂದರೆ ಬುರ್ಹಾನಪುರ. ಗಿನೆಸ್ಟ್‌ಲೇ ಎಂದರೆ ಖಂಡ್ವಾದ ಗಣೇಶ ತಲಾಯಿ ಎಂಬ ಬಡಾವಣೆ. 2012ರಲ್ಲಿ ಅಲ್ಲಿಗೆ ಹೋದಾಗ ತಾಯಿ ಅದೇ ಕೇರಿಯಲ್ಲಿದ್ದರು. ಮಗ ಬಂದಾನೆಂದು ಆಕೆ ಬೇರೆ ಊರಿಗೆ ಹೋಗಿರಲಿಲ್ಲ. ಅಣ್ಣ ಮಾತ್ರ ಇರಲಿಲ್ಲ. ಅಂದಿನ ಆ ಅಗಲಿಕೆಯ ಹೊತ್ತಿಗೇ ರೈಲಿಗೆ ಸಿಕ್ಕಿ ತೀರಿಕೊಂಡಿದ್ದ. ಈ ಕತೆಯನ್ನು ಸರೂ 2013ರಲ್ಲಿ ಪುಸ್ತಕವಾಗಿ ಬರೆದರು. 2016ರಲ್ಲಿ ಅದು ‘ಲಯನ್’ ಎಂಬ ಚಲನಚಿತ್ರವಾಯಿತು.

ಮುಂದಿನ ಸಲ ಆಟಕ್ಕೆ ಕುಳಿತಾಗ ಬುರ್ಹಾನಪುರದಿಂದ (21.31, 76.23) ಹೊರಟು, ಹೆಸರುಗಳನ್ನು ಅಳಿಸಿ, ಹಳಿಯ ಮೇಲೇ ಉತ್ತರಕ್ಕೆ ಖಂಡ್ವಾದವರೆಗೆ (21.83, 76.35) ಹೋಗಿ ನೋಡಿ. ದೂರ ಸುಮಾರು 70 ಕಿ.ಮೀ. ದಾರಿಯಲ್ಲಿ ಗುಡ್ಡಗಾಡು ಬರುತ್ತದೆ, ಹಳಿ ಮರಗಳ ನಡುವೆ ಅಲ್ಲಲ್ಲಿ ತಪ್ಪಿಹೋಗುತ್ತದೆ. ಅವಸರ ಮಾಡದೆ ಸರಿಸಬೇಕು.