ಅಂಟು ಮತ್ತು ಮೇಲ್ಮೈ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಿಂದ ಒಂದು ವಿಚಾರ

ಕೈಗಾರಿಕೆಗಳ ಚರಿತ್ರೆಯನ್ನು ಬರೆಯುವವರು ಮಗ್ಗವನ್ನೂ ಯಂತ್ರವನ್ನೂ ಎಣಿಸುತ್ತಾರೆ. ಅವುಗಳಿಗೆ ಮುನ್ನ ನಡೆಯುವ ಸಿದ್ಧತೆಯನ್ನು ಪ್ರಾಯಶಃ ಗಮನಿಸುವುದಿಲ್ಲ. ಈ ಉಪೇಕ್ಷೆ ಸಲ್ಲದೆಂಬುದನ್ನು ಚಿತ್ರದುರ್ಗ ಜಿಲ್ಲೆಯ ಎರಡು ನೆರೆ ತಾಲ್ಲೂಕುಗಳ ನಿದರ್ಶನದಿಂದ ತೋರಿಸುವುದು ನಮ್ಮ ಉದ್ದೇಶ.

ಮೊಳಕಾಲ್ಮೂರಿನ ಸೀರೆಯನ್ನು ತೆಗೆದುಕೊಳ್ಳೋಣ. ರೇಷ್ಮೆಯ ಎಳೆಯಲ್ಲಿ ಫೈಬ್ರೋಯಿನ್ ಎಂಬ ತಿರುಳನ್ನು ಸೆರಿಸಿನ್ ಎಂಬ ಅಂಟು ಆವರಿಸಿರುತ್ತದೆ. ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲುಭಾಗ ಈ ಅಂಟೇ. ಸಾಬೂನು, ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಬೇಯಿಸಿ ಇದನ್ನು ಕಳೆದಲ್ಲದೆ ಎಳೆಗೆ ಹೊಳಪು ಬಾರದು, ಬಣ್ಣವೂ ಸಮನಾಗಿ ಹಿಡಿಯದು.

ಚಳ್ಳಕೆರೆಯ ಕಂಬಳಿಯಲ್ಲಿ ಕ್ರಮವು ತದ್ವಿರುದ್ಧ. ಕುರುಬರು ಉಣ್ಣೆಯ ಹಾಸುನೂಲಿಗೆ ಹುಣಸೆಬೀಜದ ಗಂಜಿಯನ್ನು ಬಳಿದು ಒಣಗಿಸುವರು. ಇಲ್ಲದಿದ್ದರೆ ನೂಲು ಮಗ್ಗದ ಎಳೆತಕ್ಕೂ ಉಜ್ಜಾಟಕ್ಕೂ ತಾಳದು. ಆ ಬೀಜದ ತಿರುಳಿನಲ್ಲಿ ಸುಮಾರು ಅರ್ಧಭಾಗ ಹೆಪ್ಪುಗಟ್ಟುವ ಪದಾರ್ಥವೆಂದು ಘೋಷ್ ಮತ್ತು ಕೃಷ್ಣ ಎಂಬ ವಿಜ್ಞಾನಿಗಳು ಪ್ರಕಟಿಸಿದ್ದು 1942ರಲ್ಲಿ. ನೇಕಾರನ ಕೈ ಅದನ್ನು ಮೊದಲೇ ಬಲ್ಲದಾಗಿತ್ತು.

ಒಂದೆಡೆ ಅಂಟನ್ನು ಕಳೆಯುವುದು, ಇನ್ನೊಂದೆಡೆ ಕೂಡಿಸುವುದು. ತತ್ತ್ವ ಮಾತ್ರ ಒಂದೇ. ಮೇಲ್ಮೈಯನ್ನು ಮುಂದಿನ ಕೆಲಸಕ್ಕೆ ಅಣಿಗೊಳಿಸಬೇಕು.

2016ನೆಯ ನವೆಂಬರಿನಲ್ಲಿ ರುಸ್ತುಂ-2 ಎಂಬ ಚಾಲಕರಹಿತ ವಿಮಾನವು ಚಳ್ಳಕೆರೆಯ ಬಳಿ ಮೊದಲ ಬಾರಿಗೆ ಹಾರಿತು. ವಿಮಾನವಿದ್ಯೆಯ ಚರಿತ್ರೆಯಲ್ಲಿಯೂ ಇದೇ ಪಾಠವುಂಟು. 1941ರಲ್ಲಿ ಇಂಗ್ಲೆಂಡಿನಲ್ಲಿ ಡಿ ಬ್ರೂಯಿನ್ ಅವರ ರೆಡಕ್ಸ್ ಎಂಬ ಅಂಟಿನಿಂದ ಲೋಹವನ್ನು ಲೋಹಕ್ಕೆ ಬೆಸೆಯುವುದು ಸಾಧ್ಯವಾಯಿತು. ಆದರೆ ಅಲ್ಯೂಮಿನಿಯಂ ಮಿಶ್ರಲೋಹದ ಮೇಲೆ ಜಿಡ್ಡೂ ದುರ್ಬಲವಾದ ಆಕ್ಸೈಡ್ ಪದರವೂ ಇದ್ದರೆ ಎಂಥ ಅಂಟೂ ನಿಲ್ಲದು. ಆದಕಾರಣ ಅದನ್ನು ತೊಳೆದು, ಗಂಧಕಾಮ್ಲ ಮತ್ತು ಸೋಡಿಯಂ ಡೈಕ್ರೋಮೇಟುಗಳ ದ್ರಾವಣದಲ್ಲಿ ಅದ್ದಿ, ಹಳೆಯ ಪದರವನ್ನು ಕರಗಿಸಿ, ಅಂಟು ಒಳಹೊಕ್ಕು ಹಿಡಿಯುವಂಥ ಸೂಕ್ಷ್ಮರಂಧ್ರಗಳ ಹೊಸ ಪದರವನ್ನು ಬೆಳೆಸುವ ಕ್ರಮ ರೂಢಿಗೆ ಬಂದಿತು. ಕ್ರೋಮಿಯಂ ಲವಣಗಳು ಕೆಲಸಗಾರರಿಗೆ ಅರ್ಬುದ ತರಬಲ್ಲವಾದ್ದರಿಂದ ಮುಂದೆ ಫಾಸ್ಫಾರಿಕ್ ಆಮ್ಲ ಮೊದಲಾದ ಬೇರೆ ವಿಧಾನಗಳನ್ನು ಅರಸಬೇಕಾಯಿತು.

ಈ ಸಿದ್ಧತೆಯ ಕೊರತೆ ಎಂಥ ಬೆಲೆ ತೆರಿಸೀತೆಂಬುದನ್ನು 1988ರ ಏಪ್ರಿಲ್ 28ರಂದು ಲೋಕ ಕಂಡಿತು. ಹವಾಯಿಯಲ್ಲಿ ಅಲೋಹಾ ಸಂಸ್ಥೆಯ ಬೋಯಿಂಗ್ 737 ವಿಮಾನದ ಮೇಲ್ಚಾವಣಿಯ ಸುಮಾರು 18 ಅಡಿ ಭಾಗ ಆಕಾಶದಲ್ಲಿಯೇ ಕಿತ್ತುಹೋಗಿ ಪರಿಚಾರಿಕೆಯೊಬ್ಬರು ಮೃತರಾದರು. ಅಂಟಿನ ಬೆಸುಗೆ ಬಿಟ್ಟು, ತುಕ್ಕು ಹಿಡಿದು, ಭಾರವೆಲ್ಲ ರಿವೆಟ್ಟುಗಳ ಮೇಲೆ ಬಿದ್ದು ಬಿರುಕು ಬೆಳೆದಿತ್ತು.

ಮುಗಿದ ವಸ್ತುವಿನಲ್ಲಿ ಈ ಶ್ರಮವು ಕಣ್ಣಿಗೆ ಕಾಣದು. ಕೆಟ್ಟಾಗ ಮಾತ್ರ ಅದರ ಅಭಾವ ಗೋಚರಿಸುತ್ತದೆ. ನಮ್ಮ ಸೀಮೆಯ ಬೇಯಿಸುವವರ, ಗಂಜಿ ಬಳಿಯುವವರ ಅರಿವು ಬಹುಮಟ್ಟಿಗೆ ಕೈಯಲ್ಲಿಯೇ ಉಳಿದುದು. ಕೈ ನಿಂತರೆ ಅದೂ ನಿಲ್ಲುವುದು. ವಿದ್ಯಾರ್ಥಿಗಳು ಮಗ್ಗದ ಜೊತೆಗೆ ಹಂಡೆಯನ್ನೂ ಗಂಜಿಯ ಪಾತ್ರೆಯನ್ನೂ ಚರಿತ್ರೆಯ ಆಧಾರಗಳೆಂದು ಭಾವಿಸಿ ದಾಖಲಿಸಬೇಕೆಂದು ನಾವು ಬಯಸುತ್ತೇವೆ.